ಒಂದು ಓರೆಗೆರೆಯ ಕಥೆ

ಮೊನ್ನೆ ಆಫೀಸಿನಲ್ಲಿ ದೊಡ್ಡ ಎಡವಟ್ಟು ಮಾಡಿಕೊಂಡೆ. ಟೆಸ್ಟ್ ಫೋಲ್ಡರಿನ ಹಳೆಯ ಲಾಗ್‌ಗಳನ್ನು ಅಳಿಸಲು ಬರೆದ ಪುಟ್ಟ ಪೈಥಾನ್ ಸ್ಕ್ರಿಪ್ಟು ಸರ್ವರಿನ ಅಸಲಿ ಲಾಗ್‌ಗಳನ್ನೇ ಗುಡಿಸಿ ಹಾಕಿತ್ತು! ಬ್ಯಾಕಪ್ ಇದ್ದದ್ದರಿಂದ ಬಚಾವಾದೆ, ಆದರೂ ಕೊನೆಯ ಒಂದು ದಿನದ್ದು ಹೋಯಿತು. ತಪ್ಪು ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಒಂದು ಓರೆಗೆರೆ, ಅದರ ಹಿಂದೆ ಅರ್ಧ ಶತಮಾನದ ಇತಿಹಾಸ.

ಫೈಲಿನ ವಿಳಾಸವನ್ನು '/' ಹಾಕಿ ಬರೆಯುವುದು 1970ರ ದಶಕದ ಯುನಿಕ್ಸ್ ರೂಢಿ. 1981ರ ಮೊದಲ ಡಾಸ್‌ನಲ್ಲಿ ಫೋಲ್ಡರುಗಳೇ ಇರಲಿಲ್ಲ. ಅಲ್ಲಿ '/' ಕಮ್ಯಾಂಡುಗಳ ಆಯ್ಕೆಗೆ ಮೀಸಲಾಗಿತ್ತು. 1983ರಲ್ಲಿ ಡಾಸ್ 2.0 ಫೋಲ್ಡರುಗಳನ್ನು ತಂದಾಗ ಆ ಗೆರೆ ಖಾಲಿ ಇರಲಿಲ್ಲವಲ್ಲ, ಅದಕ್ಕೇ '\' ಬಂತು. ವಿಂಡೋಸ್ ಇಂದಿಗೂ ಅದನ್ನು ಹೊತ್ತುಕೊಂಡಿದೆ. ಪೈಥಾನಿನಲ್ಲೋ '\' ಮುಂದೆ 'ಎನ್' ಬಂದರೆ ಹೊಸ ಸಾಲು, 'ಟಿ' ಬಂದರೆ ಟ್ಯಾಬ್. ಫೋಲ್ಡರಿನ ಹೆಸರು 'ಟೆಂಪ್' ಎಂದಿದ್ದರೆ ಕಥೆ ಮುಗೀತು :)

ಪೈಥಾನಿನಲ್ಲಿ ಬಹುಕಾಲ ವಿಳಾಸವೆಂದರೆ ಬರೀ ಸ್ಟ್ರಿಂಗ್. ಜೋಡಿಸಲು, ಒಡೆಯಲು 'ಓಎಸ್.ಪಾತ್' ಎಂಬ ಮಾಡ್ಯೂಲು. ವಿಳಾಸಕ್ಕೆ ತನ್ನದೇ ಆದ ಟೈಪ್ ಬೇಕೆಂದು 2006ರಲ್ಲಿ ಪೆಪ್ 355 ಎಂಬ ಪ್ರಸ್ತಾಪ ಬಂತು. ಅದು ಸ್ಟ್ರಿಂಗ್‌ನಿಂದಲೇ ಹುಟ್ಟಿದ ಕ್ಲಾಸು, ಮೇಲಾಗಿ ಸಿಕ್ಕಿದ್ದನ್ನೆಲ್ಲ ಒಂದೇ ಚೀಲಕ್ಕೆ ತುಂಬಿತ್ತು. ತಿರಸ್ಕೃತವಾಯಿತು. 2012ರಲ್ಲಿ ಆಂಟೊಯಿನ್ ಪಿತ್ರು ಪೆಪ್ 428 ಬರೆದರು. 2014ರ ಮಾರ್ಚ್‌ನಲ್ಲಿ ಪೈಥಾನ್ 3.4ರ ಜೊತೆ 'ಪಾತ್‌ಲಿಬ್' ಬಂತು. ಇಲ್ಲಿ ವಿಳಾಸ ಸ್ಟ್ರಿಂಗ್ ಅಲ್ಲ, ಜೋಡಿಸಲು ಭಾಗಾಕಾರದ ಚಿಹ್ನೆ '/' ಸಾಕು! ಆದರೆ ಫೈಲು ತೆರೆಯುವ 'ಓಪನ್' ಕೂಡ ಈ ಹೊಸ ಟೈಪನ್ನು ಒಪ್ಪುತ್ತಿರಲಿಲ್ಲ. ಪ್ರತಿ ಸಲ ಸ್ಟ್ರಿಂಗ್ ಮಾಡಿ ಕೊಡಬೇಕಿತ್ತು. ಅದು ಸರಿಹೋದದ್ದು 2016ರ ಡಿಸೆಂಬರಿನ 3.6ರಲ್ಲಿ, ಪೆಪ್ 519ರಿಂದ.

ಇನ್ನು ನನ್ನ ಎಡವಟ್ಟು. ಜೋಡಿಸುವಾಗ ಎರಡನೆಯ ಭಾಗ '/' ನಿಂದ ಶುರುವಾದರೆ 'ಓಎಸ್.ಪಾತ್' ಮೊದಲ ಭಾಗವನ್ನೇ ಎಸೆದುಬಿಡುತ್ತದೆ. ಮೊದಲಲ್ಲಿ '/' ಇದ್ದರೆ ಅದು ಬೇರಿನಿಂದ ಬರೆದ ಪೂರ್ತಿ ವಿಳಾಸ ತಾನೇ? ಕಾನ್ಫಿಗ್ ಫೈಲಿನಲ್ಲಿ ಲಾಗ್ ಫೋಲ್ಡರಿನ ವಿಳಾಸ ಹಾಗೆಯೇ ಇತ್ತು. ನನ್ನ ಟೆಸ್ಟ್ ಫೋಲ್ಡರು ಸದ್ದಿಲ್ಲದೆ ಮಾಯವಾಯಿತು.

ಪಾತ್‌ಲಿಬ್ ಬಳಸಿದ್ದರೆ ಉಳಿಯುತ್ತಿದ್ದೆನೇ ಎಂದು ನೋಡಿದೆ. ಇಲ್ಲ, ಅದೂ ಹಾಗೇ ಮಾಡುತ್ತದೆ! ಟೈಪ್ ಬದಲಾಯಿತು, ನಿಯಮ ಬದಲಾಗಲಿಲ್ಲ. ಈಗ ಅಳಿಸುವ ಮೊದಲು ಆ ವಿಳಾಸ ನಿಜಕ್ಕೂ ಟೆಸ್ಟ್ ಫೋಲ್ಡರಿನ ಒಳಗಿದೆಯೇ ಎಂದು ಸ್ಕ್ರಿಪ್ಟೇ ಪರೀಕ್ಷಿಸುತ್ತದೆ. ಎರಡೇ ಸಾಲು. ನೀವೂ ಇವತ್ತೇ ಸೇರಿಸಿಬಿಡಿ.