ನದಿಗಳು ಬರೆದಿಟ್ಟ ಮುಕ್ಕಾಂ: ಕಾರವಾರದಿಂದ ಮಂಗಳೂರಿಗೆ ಸೈಕಲ್ ದಾರಿ

ಪೋಸ್ಟ್ 1/6

ಡಿಸೆಂಬರ್‌ನಲ್ಲಿ ನಾವು ಐದು ಮಂದಿ ಕಾರವಾರದಿಂದ ಮಂಗಳೂರಿಗೆ ಸೈಕಲ್ ಮೇಲೆ ಹೋಗೋ ಪ್ಲ್ಯಾನ್ ಮಾಡೀವಿ. ಸುಮಾರು 270 ಕಿ.ಮೀ., ಐದು ದಿನ. ಮಸ್ಕಿಯಿಂದ ಹುಬ್ಬಳ್ಳಿ, ಅಲ್ಲಿಂದ ಅರಬೈಲ್ ಘಾಟ್ ಇಳಿದು ಕಾರವಾರ, ಅಲ್ಲಿ ತನಕ ಸೈಕಲ್ ಸಮೇತ ಬಸ್ಸು. ನಾಲ್ಕು ಮನಿಯವರು ಹೂಂ ಅಂದಾರ. ಒಂದು ಮನಿ ಇನ್ನೂ ಅಂದಿಲ್ಲ. ಆ ಗೆಳತಿಯ ಅಪ್ಪ ಕೇಳೋದು ಎರಡೇ ಪ್ರಶ್ನೆ: "ರಾತ್ರಿ ಎಲ್ಲಿ ಇರ್ತೀರಿ? ಆ ದಾರಿ ನಂಬಬಹುದೇನು?"

ಗೂಗಲ್ ಮ್ಯಾಪ್ ಕಿಲೋಮೀಟರ್ ಹೇಳ್ತದ, ಇದನ್ನ ಹೇಳಲ್ಲ. ಉತ್ತರ ಹುಡುಕ್ತಾ ಹೋದ್ರೆ ಅದು ಸೀದಾ ಚರಿತ್ರೆಯೊಳಗೆ ಕರ್ಕೊಂಡು ಹೋಯ್ತು. ಅದನ್ನೇ ಈ ಆರು ಪೋಸ್ಟ್‌ನಲ್ಲಿ ಬರೀತಿದ್ದೀನಿ. ಸೇವ್ ಮಾಡಿಟ್ಕೊಳ್ರಿ.

ಪೋಸ್ಟ್ 2/6: ಊರು ಬಂತು ಅಂದ್ರೆ ನದಿ ಬಂತು

ಮ್ಯಾಪ್ ತೆಗೆದು ಬೆರಳಿಟ್ಟು ಕೆಳಗೆ ಬರ್ರಿ. ಕಾರವಾರಕ್ಕೆ ಕಾಳಿ, ಅಂಕೋಲಾ ದಾಟಿದರೆ ಗಂಗಾವಳಿ, ಕುಮಟಾ ಹತ್ತಿರ ಅಘನಾಶಿನಿ, ಹೊನ್ನಾವರಕ್ಕೆ ಶರಾವತಿ, ಕುಂದಾಪುರಕ್ಕೆ ಪಂಚಗಂಗಾವಳಿ, ಬಾರ್ಕೂರಿಗೆ ಸೀತಾ, ಮಂಗಳೂರಿಗೆ ಗುರುಪುರ ಮತ್ತು ನೇತ್ರಾವತಿ.

ಇದು ಸುಮ್ಮನೆ ಹೊಂದಿಕೊಂಡು ಬಂದದ್ದಲ್ಲ. ತೆರೆದ ಸಮುದ್ರದ ಅಲೆಯಲ್ಲಿ ಹಡಗು ನಿಲ್ಲಿಸೋದು ಕಷ್ಟ, ನದಿ ಬಾಯಿಯೊಳಗೆ ನೀರು ಶಾಂತ. ಘಟ್ಟದ ಮೇಲಿನ ಮೆಣಸು, ಅಕ್ಕಿ ಇಳಿದು ಬಂದು ಅಲ್ಲೇ ಹಡಗು ಹತ್ತುತ್ತಿದ್ದವು. ಹಾಗಾಗಿ ಪೇಟೆ ಹುಟ್ಟಿದ್ದು ನದಿ ಬಾಯಲ್ಲಿ. ಅಘನಾಶಿನಿ ಹತ್ತಿರದ ಮಿರ್ಜಾನ್ ಕೋಟೆಯ ಜೊತೆ ಹೆಸರು ಕೇಳಿಬರುವ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಕಾಳುಮೆಣಸಿನ ರಾಣಿ' ಅಂತಲೇ ಕರೆದರು. ಬಿಕಾಂ ಹುಡುಗರು ಗಮನಿಸ್ರಿ: ಒಂದು ಸರಕಿನ ಮೇಲೆ ಹಿಡಿತ ಇದ್ದವರಿಗೆ ಸಮುದ್ರದಾಚೆಯವರೂ ಬಿರುದು ಕೊಡ್ತಾರ!

ಭಟ್ಕಳ ಇನ್ನೊಂದು ಲೆಕ್ಕ. ವಿಜಯನಗರಕ್ಕೆ ಬೇಕಾದ ಅರಬ್ ಕುದುರೆಗಳು ಇಳಿಯುತ್ತಿದ್ದ ಮುಖ್ಯ ಬಂದರುಗಳಲ್ಲಿ ಅದೂ ಒಂದು. ಕೃಷ್ಣಾ–ತುಂಗಭದ್ರಾ ನಡುವಿನ ನಮ್ಮ ನೆಲಕ್ಕಾಗಿ ವಿಜಯನಗರದವರು, ಬಹಮನಿಗಳು ನೂರಾರು ವರ್ಷ ಕಾದಾಡಿದರಲ್ಲ, ಆ ಕಾದಾಟದ ಬೇರು ಒಂದು ಕಡೆ ಆ ಉಪ್ಪು ನೀರಿನಲ್ಲೂ ಇತ್ತು. ಕರಾವಳಿ ನಮಗೆ ಪರದೇಶ ಅಲ್ಲ.

ಪೋಸ್ಟ್ 3/6: ಅರ್ಧ ಮೈಲಿಗೊಂದು ಚಪ್ಪರ

1340ರ ದಶಕದ ಆರಂಭದಲ್ಲಿ ಮೊರಾಕ್ಕೊ ದೇಶದ ಇಬ್ನ್ ಬತೂತ ಈ ಕರಾವಳಿಯಲ್ಲಿ ಸಾಗಿದ. ಹೊನ್ನಾವರ, ಬಾರ್ಕೂರು, ಮಂಗಳೂರು ಮೂರೂ ಅವನ ಬರಹದಲ್ಲಿವೆ. ಅವನು ಹೆಚ್ಚಾಗಿ ಹಡಗಿನಲ್ಲೇ ಬಂದರೂ ನೆಲದ ದಾರಿಯ ಬಗ್ಗೆಯೂ ಬರೆದಿದ್ದಾನೆ. ಗೋವಾದಿಂದ ಕೊಲ್ಲಂವರೆಗೆ ಎರಡು ತಿಂಗಳ ದಾರಿ. ಉದ್ದಕ್ಕೂ ಮರದ ನೆರಳು. ಅರ್ಧ ಮೈಲಿಗೊಂದು ಮರದ ಚಪ್ಪರ, ಕೂರಲು ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಮನುಷ್ಯ. ಯಾವ ಮತದವರೂ ಕೂರಬಹುದಿತ್ತು. ನೀರು ಮಾತ್ರ ಬೇರೆ ಬೇರೆ: ತಮ್ಮವರಿಗೆ ಪಾತ್ರೆಯಲ್ಲಿ, ಮುಸ್ಲಿಮರಿಗೆ ಬೊಗಸೆಗೆ. ಹೋಟೆಲ್‌ನ ಬೇರೆ ಗ್ಲಾಸಿನ ಕಥೆ ಕೇಳಿ ಬೆಳೆದ ನಮಗೆ ಇದನ್ನ ಬಿಡಿಸಿ ಹೇಳೋದು ಬ್ಯಾಡ.

ಅದೇ ಪ್ರವಾಸಿ ಹೊನ್ನಾವರದಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆ ಇದ್ದವು ಅಂತಾನೂ ಬರೆದಿದ್ದಾನೆ. ಸುಮಾರು ಏಳು ನೂರು ವರ್ಷದ ಹಿಂದೆ!

ಈಗ ನಮ್ಮೂರಿಗೆ ಬರ್ರಿ. ಮಸ್ಕಿ ಗುಡ್ಡದ ಶಾಸನ 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಇಂಜಿನಿಯರ್ ಕಣ್ಣಿಗೆ ಬಿತ್ತು. 'ದೇವಾನಾಂಪ್ರಿಯ' ಅಂದರೆ ಅಶೋಕನೇ ಅಂತ ಗಟ್ಟಿ ಮಾಡಿದ ಕಲ್ಲು ಅದು. ದಾರಿ, ಬಾವಿಗಳ ಮಾತು ನಮ್ಮ ಕಲ್ಲಿನಲ್ಲಿ ಇಲ್ಲ. ಆದರೆ ಈಗ ದೆಹಲಿಯಲ್ಲಿರುವ ತೋಪ್ರಾ ಕಂಬದ ಏಳನೆಯ ಶಾಸನದಲ್ಲಿ ಅದೇ ಅಶೋಕ ದಾರಿ ಬದಿ ಆಲದ ಮರ ನೆಡಿಸಿದ್ದನ್ನು, ಬಾವಿ ತೋಡಿಸಿದ್ದನ್ನು, ತಂಗುದಾಣ ಕಟ್ಟಿಸಿದ್ದನ್ನು ಹೇಳಿಕೊಂಡಿದ್ದಾನೆ. ದಾರಿ ಅಂದ್ರೆ ಬರೀ ನೆಲ ಅಲ್ಲ, ನೆರಳು ಮತ್ತು ನೀರು ಅನ್ನೋದು ಅಷ್ಟು ಹಳೆಯ ಮಾತು.

ಪೋಸ್ಟ್ 4/6: ಯಾವಾಗ ಹೋಗಬೇಕು?

ದಿನಕ್ಕೆ ಎಷ್ಟು ದೂರ ಹೋದೆ, ಏನು ನೋಡಿದೆ, ಯಾವ ನದಿ ದಾಟಿದೆ ಅಂತ ತಾರೀಖು ಹಾಕಿ ಬರೆದವರಲ್ಲಿ ಒಬ್ಬ ಫ್ರಾನ್ಸಿಸ್ ಬುಕಾನನ್. ಟಿಪ್ಪು ಸುಲ್ತಾನ್ ಬಿದ್ದ ಮೇಲೆ ಗವರ್ನರ್ ಜನರಲ್ ವೆಲ್ಲೆಸ್ಲಿ ಈ ಸೀಮೆಯ ಬೆಳೆ, ವ್ಯಾಪಾರ ನೋಡಿಕೊಂಡು ಬಾ ಅಂತ ಕಳಿಸಿದ ವೈದ್ಯ. ಕರಾವಳಿಯಲ್ಲಿ ದಕ್ಷಿಣದಿಂದ ಉತ್ತರಕ್ಕೆ ಸಾಗಿದ್ದು 1801ರ ಮೊದಲ ತಿಂಗಳುಗಳಲ್ಲಿ, ಅಂದರೆ ಒಣ ಕಾಲದಲ್ಲಿ. ಪುಸ್ತಕ ಬಂದದ್ದು 1807ರಲ್ಲಿ.

ನಾವೂ ಒಣ ಕಾಲವನ್ನೇ ಆರಿಸಿದ್ದೇವೆ. ಅಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ, ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ನಲ್ಲೇ. ನಮ್ಮ ರಾಯಚೂರು ಸೀಮೆಯ ನಾಲ್ಕು-ಐದು ಪಟ್ಟು. ದಿಕ್ಕು ಮಾತ್ರ ಅವನಿಗೆ ಉಲ್ಟಾ. ಚಳಿಗಾಲದ ಮಧ್ಯಾಹ್ನ ಸಮುದ್ರದ ಗಾಳಿ ವಾಯವ್ಯದ ಕಡೆಯಿಂದ ಬರ್ತದ, ದಕ್ಷಿಣಕ್ಕೆ ಹೊಂಟವರಿಗೆ ಅದು ಬೆನ್ನಿಗೆ.

ಇನ್ನೊಂದು ವಿಷಯ. 1955ರಲ್ಲಿ ಇದೇ ಪ್ಲ್ಯಾನ್ ಮಾಡಿದ್ರೆ ಮೂರು ರಾಜ್ಯ ದಾಟಬೇಕಿತ್ತು. ಮಸ್ಕಿ ಹೈದರಾಬಾದಿನಲ್ಲಿ, ಕಾರವಾರ ಬೊಂಬಾಯಿಯಲ್ಲಿ, ಕುಂದಾಪುರ–ಮಂಗಳೂರು ಮದರಾಸಿನಲ್ಲಿ. 1956ರ ನವೆಂಬರ್ 1ಕ್ಕೆ ಎಲ್ಲ ಒಂದಾಯ್ತು.

ಪೋಸ್ಟ್ 5/6: ದಾರಿ ನಂಬಬಹುದೇನು?

ಇದು ಕಷ್ಟದ ಪ್ರಶ್ನೆ, ಸುಳ್ಳು ಹೇಳಂಗಿಲ್ಲ.

ಹಿಂದೆ ಪ್ರತಿ ನದಿಗೂ ದೋಣಿ ಕಾಯಬೇಕಿತ್ತು. ಈಗ ಸೇತುವೆ. ಆದರೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಅದಕ್ಕೆ ಆಗ ಸುಮಾರು 40 ವರ್ಷ. ಮೇಲಿದ್ದ ಲಾರಿ ನದಿಗೆ ಬಿತ್ತು, ಚಾಲಕನನ್ನು ಜೀವಂತ ಮೇಲೆತ್ತಿದರು. ಕಾರವಾರ ಪೇಟೆ ಕಾಳಿಯ ದಕ್ಷಿಣ ದಂಡೆಯಲ್ಲಿದೆ, ಹಾಗಾಗಿ ನಾವು ಆ ನದಿ ದಾಟೋದಿಲ್ಲ. ಆದ್ರೂ ಹೋಗಿ ನೋಡಿಯೇ ಹೊರಡ್ತೀವಿ.

ಅದಕ್ಕೂ ಮೂರು ವಾರ ಮುಂಚೆ, ಜುಲೈ 16ಕ್ಕೆ, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿಯ ಮೇಲೆ ಬಿತ್ತು. ರಸ್ತೆ ಬದಿ ಚಹಾದಂಗಡಿ ನಡೆಸುತ್ತಿದ್ದ ಕುಟುಂಬ ಹೋಯಿತು, ಅಲ್ಲಿ ಲಾರಿ ನಿಲ್ಲಿಸಿದ್ದವರೂ ಹೋದರು. ರಸ್ತೆ ಅಗಲ ಮಾಡಲು ಗುಡ್ಡವನ್ನು ಕಡಿದಾಗಿ ಕತ್ತರಿಸಿದ್ದರ ಕಡೆ ಭೂವಿಜ್ಞಾನಿಗಳು ಬೊಟ್ಟು ಮಾಡಿದರು.

ಇಬ್ನ್ ಬತೂತ ಬರೆದ ಚಪ್ಪರದ ಇವತ್ತಿನ ರೂಪ ಅಂದ್ರೆ ಅಂಥ ಚಹಾದಂಗಡಿನೇ. ನೀರು, ನೆರಳು, ಎರಡು ಮಾತು. ಅಗಲವಾದ ರಸ್ತೆಗೆ ಮರ ಹೋದವು, ನೆರಳು ಹೋಯ್ತು, ಶಿರೂರಿನಲ್ಲಿ ಅಂಗಡಿಯೇ ಹೋಯ್ತು. ನಾವು ಆ ದಾರಿಯಲ್ಲೇ ಹೋಗ್ಬೇಕು. ಅಲ್ಲಿ ಇಳಿದು ಒಂದು ನಿಮಿಷ ನಿಲ್ಲೋದು ಅಂತ ಎಲ್ಲರೂ ಒಪ್ಪೀವಿ.

ಪೋಸ್ಟ್ 6/6: ಆ ಅಪ್ಪನಿಗೆ ಕೊಟ್ಟ ಹಾಳೆ

ದಿನ 1: ಕಾರವಾರ–ಕುಮಟಾ, ಸುಮಾರು 65 ಕಿ.ಮೀ. ನಡುವೆ ಮಿರ್ಜಾನ್ ಕೋಟೆ.
ದಿನ 2: ಕುಮಟಾ–ಭಟ್ಕಳ, ಸುಮಾರು 60. ಹೊನ್ನಾವರದಲ್ಲಿ ಶರಾವತಿ, ಮುರ್ಡೇಶ್ವರದಲ್ಲಿ ಊಟ.
ದಿನ 3: ಭಟ್ಕಳ–ಕುಂದಾಪುರ, ಸುಮಾರು 50. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ.
ದಿನ 4: ಕುಂದಾಪುರ–ಉಡುಪಿ, ನೇರ ಹೋದರೆ 40ರ ಒಳಗೆ. ಉಳಿದ ಹೊತ್ತು 1665ರಲ್ಲಿ ಶಿವಾಜಿ ದಾಳಿ ಮಾಡಿದ ಬಸ್ರೂರು ಮತ್ತು ಆಳುಪರ ಬಾರ್ಕೂರಿಗೆ.
ದಿನ 5: ಉಡುಪಿ–ಮಂಗಳೂರು, ಸುಮಾರು 57.

ಬೆಳಿಗ್ಗೆ 6ಕ್ಕೆ ಹೊರಟು ಸಂಜೆ 5ರೊಳಗೆ ಊರು ಸೇರೋದು. ಕತ್ತಲಲ್ಲಿ ಹೆದ್ದಾರಿ ಇಲ್ಲ. ಪ್ರತಿ ರಾತ್ರಿ ಬಸ್ ನಿಲ್ದಾಣ, ಆಸ್ಪತ್ರೆ, ರೈಲು ಇರೋ ಊರಿನಲ್ಲೇ. ಕೊಂಕಣ ರೈಲು 1998ರಿಂದ ಪೂರ್ತಿ ಓಡ್ತಿದೆ, ಯಾರಿಗಾದ್ರೂ ಹುಷಾರಿಲ್ಲದಿದ್ರೆ ಮುಂದಿನ ಊರಿಗೆ ರೈಲು ಸಿಗ್ತದ.

ಈ ಮುಕ್ಕಾಂ ನಾವು ಆರಿಸಿದ್ದಲ್ಲ ಕಾಕಾ, ನಿಮಗಿಂತ ಮುಂಚೆ ನೂರಾರು ವರ್ಷ ವ್ಯಾಪಾರಿಗಳು, ದೋಣಿಯವರು ಇಲ್ಲೇ ರಾತ್ರಿ ಕಳೆದಾರ ಅಂತ ಹಾಳೆ ಕೆಳಗೆ ಬರೆದು ಕೊಟ್ಟೀವಿ. ಅವರು ಓದಿ, ಮಡಚಿ ಜೇಬಿನಾಗ ಇಟ್ಕೊಂಡು, "ಶಿರೂರು ಹತ್ರ ಎಷ್ಟು ಗಂಟೆಗೆ ಇರ್ತೀರಿ?" ಅಂತ ಕೇಳಿದ್ರು. ಹೂಂ ಅಂತ ಇನ್ನೂ ಅಂದಿಲ್ಲ.

ಕರಾವಳಿ ಕಡೆಯ ಫಾಲೋವರ್ಸ್, ಅಂಕೋಲಾ–ಕುಮಟಾ ನಡುವೆ ನೆರಳಿರೋ ನಿಲ್ಲೋ ಜಾಗ ಗೊತ್ತಿದ್ರೆ ಕಾಮೆಂಟ್ ಹಾಕ್ರಿ. ಹಾಳೆಗೆ ಸೇರಿಸ್ಬೇಕು.

#ಮಸ್ಕಿ #ಕರಾವಳಿಸೈಕಲ್ #ದಾರಿಯಚರಿತ್ರೆ