ಕಳಿಸಿದವರು ನಿಜವಾಗ್ಲೂ ಅವರೇನಾ? ಇಮೇಲ್ ಸಹಿಯ ಕಥೆ

ಬಸ್ಸಲ್ಲೋ, ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ದೀರ ಅಂದ್ಕೊಂಡಿದ್ದೀನಿ. ಇವತ್ತಿನ ಕಥೆ ನಾನು ಮಾಡಿದ ಒಂದು ತಪ್ಪಿನಿಂದ ಶುರುವಾಗುತ್ತೆ.

ಬಿ.ಕಾಂ. ಮುಗಿಸಿ ನಾನು ಮೊದಲು ಸೇರಿದ್ದು ಒಂದು ಸಣ್ಣ ಆಫೀಸಿನ ಅಕೌಂಟ್ಸ್ ವಿಭಾಗಕ್ಕೆ. ಒಂದಿನ ನಮ್ಮ ಸಪ್ಲೈಯರ್ ಹೆಸರಲ್ಲಿ ಮೇಲ್ ಬಂತು. ಬ್ಯಾಂಕ್ ಖಾತೆ ಬದಲಾಗಿದೆ, ಈ ಸಲದ ಬಿಲ್ ದುಡ್ಡು ಹೊಸ ಖಾತೆಗೆ ಹಾಕಿ ಅಂತ. ವಿಳಾಸದಲ್ಲಿ ಒಂದಕ್ಷರವೂ ವ್ಯತ್ಯಾಸ ಇರ್ಲಿಲ್ಲ. ಹಾಕಿದೆ. ಮೂರು ವಾರ ಆದ್ಮೇಲೆ ಅವರೇ ಫೋನ್ ಮಾಡಿ, "ಪೇಮೆಂಟ್ ಬರ್ಲೇ ಇಲ್ವಲ್ಲಪ್ಪಾ" ಅಂದ್ರು. ಆ ಮೇಲ್ ಅವರು ಕಳಿಸಿದ್ದೇ ಅಲ್ಲ. ದುಡ್ಡು ವಾಪಸ್ ಬರ್ಲಿಲ್ಲ.

ಚೆಕ್ಕಿನ ಸಹಿ ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಬ್ಯಾಂಕ್‌ನವರು ವಾಪಸ್ ಕಳಿಸ್ತಾರೆ. ಮೇಲ್‌ಗೆ ಯಾಕೆ ಹಾಗಿಲ್ಲ? ಉತ್ತರ ಹುಡುಕ್ತಾ ಹೋದವರು 1982ಕ್ಕೆ ಹೋಗ್ಬೇಕು.

ಆ ವರ್ಷ ಆಗಸ್ಟ್‌ನಲ್ಲಿ ಜಾನ್ ಪೋಸ್ಟೆಲ್ ಅನ್ನೋ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಎಸ್‌ಎಂಟಿಪಿ ನಿಯಮಗಳನ್ನ ಬರೆದ್ರು. ಇವತ್ತಿಗೂ ಮೇಲ್ ಓಡಾಡೋದು ಆ ದಾರಿಯಲ್ಲೇ. ಆಗ ನೆಟ್‌ವರ್ಕ್‌ನಲ್ಲಿದ್ದದ್ದು ಹೆಚ್ಚಾಗಿ ವಿಶ್ವವಿದ್ಯಾಲಯಗಳು, ಸಂಶೋಧನಾ ಸಂಸ್ಥೆಗಳು, ಅಮೆರಿಕದ ರಕ್ಷಣಾ ಇಲಾಖೆ. ಮೋಸ ಮಾಡೋರು ಬರ್ತಾರೆ ಅನ್ನೋ ಲೆಕ್ಕವೇ ಆ ನಿಯಮಗಳಲ್ಲಿ ಇರ್ಲಿಲ್ಲ. ಅಂಚೆ ಕವರ್ ಮೇಲೆ ಕಳಿಸಿದವರ ವಿಳಾಸ ಅಂತ ಯಾರ ಹೆಸರು ಬೇಕಾದ್ರೂ ಬರೀಬಹುದಲ್ಲ, ಇದೂ ಹಾಗೇ.

ಇಪ್ಪತ್ತು ವರ್ಷ ಕಳೆಯೋ ಹೊತ್ತಿಗೆ ಬ್ಯಾಂಕ್‌ಗಳ ಹೆಸರಲ್ಲಿ, ಪೇಪಾಲ್ ಹೆಸರಲ್ಲಿ ಸುಳ್ಳು ಮೇಲ್‌ಗಳು ಬರೋಕೆ ಶುರುವಾಯ್ತು. ಯಾಹೂದಲ್ಲಿದ್ದ ಮಾರ್ಕ್ ಡಿಲೇನಿ 'ಡೊಮೇನ್‌ಕೀಸ್' ಅನ್ನೋ ಪದ್ಧತಿ ರೂಪಿಸಿದ್ರು. ಅತ್ತ ಸಿಸ್ಕೋದಲ್ಲಿ ಜಿಮ್ ಫೆಂಟನ್ ಮತ್ತು ಮೈಕೆಲ್ ಥಾಮಸ್ ಇಂಥದ್ದೇ ಇನ್ನೊಂದನ್ನ ಮಾಡ್ತಿದ್ರು. ಎರಡೂ ಸೇರಿ 'ಡಿಕಿಮ್' ಆಯ್ತು. 2007ರ ಮೇ ತಿಂಗಳಲ್ಲಿ ಅದು ಇಂಟರ್ನೆಟ್‌ನ ಅಧಿಕೃತ ಮಾನದಂಡವಾಗಿ ಪ್ರಕಟವಾಯ್ತು.

ಕೆಲಸ ಮಾಡೋದು ಹೇಗೆ? ಕಂಪನಿ ಹತ್ರ ಎರಡು ಕೀಲಿ. ಒಂದು ಗುಟ್ಟಿನದ್ದು, ಅದು ಕಂಪನಿಯ ಸರ್ವರ್‌ನಲ್ಲೇ ಇರುತ್ತೆ. ಇನ್ನೊಂದು ಬಹಿರಂಗ, ಅದನ್ನ ಕಂಪನಿಯ ಡೊಮೇನ್ ದಾಖಲೆಯಲ್ಲಿ ಯಾರು ಬೇಕಾದ್ರೂ ನೋಡ್ಬಹುದು. ಮೇಲ್ ಹೊರಡೋವಾಗ ಸರ್ವರ್ ಅದರ ಒಕ್ಕಣೆಯನ್ನೆಲ್ಲ ಲೆಕ್ಕ ಹಾಕಿ, ಗುಟ್ಟಿನ ಕೀಲಿಯಿಂದ ಸಹಿ ಮಾಡುತ್ತೆ. ತಲುಪಿದ ಕಡೆ ಬಹಿರಂಗ ಕೀಲಿಯಿಂದ ತಾಳೆ ನೋಡ್ತಾರೆ. ಮಧ್ಯೆ ಯಾರಾದ್ರೂ ಖಾತೆ ನಂಬರ್‌ನ ಒಂದಂಕಿ ತಿದ್ದಿದ್ರೂ ಟ್ರಯಲ್ ಬ್ಯಾಲೆನ್ಸ್ ಥರ ಟ್ಯಾಲಿ ಆಗಲ್ಲ. 2008ರಲ್ಲಿ ಜಿಮೇಲ್, ಪೇಪಾಲ್ ಮತ್ತು ಇಬೇ ಹೆಸರಲ್ಲಿ ಸರಿಯಾದ ಸಹಿ ಇಲ್ಲದೆ ಬಂದ ಮೇಲ್‌ಗಳನ್ನ ಬಾಗಿಲಲ್ಲೇ ತಡೆಯೋಕೆ ಶುರು ಮಾಡ್ತು.

ಕಥೆ ಇಲ್ಲಿಗೆ ಸುಖಾಂತ್ಯ ಅಂದ್ಕೊಂಡ್ರಾ? ಇಲ್ಲ. ನನಗೆ ಬಹಳ ಇಷ್ಟವಾದ ಭಾಗ ಈಗ ಬರುತ್ತೆ.

ಜಕಾರಿ ಹ್ಯಾರಿಸ್ ಅನ್ನೋ ಅಮೆರಿಕದ ಗಣಿತಜ್ಞರಿಗೆ ಗೂಗಲ್‌ನಿಂದ 'ಕೆಲಸಕ್ಕೆ ಬರ್ತೀರಾ' ಅಂತ ಮೇಲ್ ಬಂತು. ಅಸಲಿಯೋ ನಕಲಿಯೋ ಅಂತ ಸಹಿ ನೋಡಿದ್ರೆ ಕೀಲಿ ಬರೀ 512 ಬಿಟ್. ಕನಿಷ್ಠ 1024 ಇರ್ಬೇಕಿತ್ತು. 512 ಬಿಟ್ ಕೀಲಿಯನ್ನ ಒಡೆಯಬಹುದು ಅಂತ 1999ರಲ್ಲೇ ತೋರಿಸಿ ಆಗಿತ್ತು. 'ಓಹೋ, ಇದು ನನಗಿಟ್ಟ ಪರೀಕ್ಷೆ' ಅಂದ್ಕೊಂಡ ಹ್ಯಾರಿಸ್, ಅಮೆಜಾನ್‌ನ ಕಂಪ್ಯೂಟರ್‌ಗಳನ್ನ ಬಾಡಿಗೆಗೆ ತಗೊಂಡು ಸುಮಾರು 72 ಗಂಟೆ, 75 ಡಾಲರ್ ಖರ್ಚಲ್ಲಿ ಕೀಲಿ ಒಡೆದ್ರು. ಆಮೇಲೆ ಗೂಗಲ್ ಸ್ಥಾಪಕರಲ್ಲಿ ಒಬ್ಬರಾದ ಸೆರ್ಗೆ ಬ್ರಿನ್ ಹೆಸರಲ್ಲಿ ಇನ್ನೊಬ್ಬರಾದ ಲ್ಯಾರಿ ಪೇಜ್‌ಗೆ ಮೇಲ್ ಕಳಿಸಿದ್ರು!

ಉತ್ತರ ಬರ್ಲಿಲ್ಲ. ಆದ್ರೆ ಎರಡು ದಿನದಲ್ಲಿ ಗೂಗಲ್‌ನ ಕೀಲಿ 2048 ಬಿಟ್ ಆಗಿತ್ತು. ಅದು ಪರೀಕ್ಷೆ ಆಗಿರ್ಲೇ ಇಲ್ಲ, ನಿಜವಾದ ಉಡಾಫೆ. ಹುಡುಕಿದ್ರೆ ಯಾಹೂ, ಇಬೇ, ಟ್ವಿಟರ್ ಹತ್ರಾನೂ 512 ಬಿಟ್ ಕೀಲಿಗಳೇ. 2012ರ ಅಕ್ಟೋಬರ್‌ನಲ್ಲಿ ಇದು ಸುದ್ದಿಯಾಯ್ತು.

ಇನ್ನೊಂದು ತೂತು ಉಳಿದಿತ್ತು. ಸಹಿಯೇ ಇಲ್ಲದ ಮೇಲ್ ಬಂದ್ರೆ ಏನ್ಮಾಡ್ಬೇಕು? ಅದಕ್ಕೆ 2012ರಲ್ಲಿ 'ಡಿಮಾರ್ಕ್' ಬಂತು. 'ನನ್ನ ಹೆಸರಲ್ಲಿ ಬಂದ ಮೇಲ್ ತಾಳೆ ಆಗ್ದಿದ್ರೆ ಒಳಗೆ ಬಿಡಬೇಡಿ' ಅಂತ ಡೊಮೇನ್ ಮಾಲೀಕರೇ ಮೊದಲೇ ಬರೆದಿಡೋ ಸೂಚನೆ ಅದು. ಆದ್ರೂ ಎಷ್ಟೋ ಜನ ತಲೆ ಕೆಡಿಸ್ಕೊಳ್ಳಲಿಲ್ಲ. ಕೊನೆಗೆ 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ದೊಡ್ಡ ಮಟ್ಟದಲ್ಲಿ ಮೇಲ್ ಕಳಿಸೋರಿಗೆ ಇವೆಲ್ಲ ಕಡ್ಡಾಯ ಅಂದ್ವು. ಗೂಗಲ್ ಪ್ರಕಾರ ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸೋರು ಈ ಲೆಕ್ಕಕ್ಕೆ ಬರ್ತಾರೆ. ಮೊದಲ ನಿಯಮಕ್ಕೂ ಈ ಕಡ್ಡಾಯಕ್ಕೂ ನಡುವೆ ಹೋದದ್ದು 40ಕ್ಕೂ ಹೆಚ್ಚು ವರ್ಷ.

ನಮ್ಮ ಸಪ್ಲೈಯರ್ ಡೊಮೇನ್‌ಗೆ ಸಹಿಯೂ ಇರ್ಲಿಲ್ಲ, ಸೂಚನೆಯೂ ಇರ್ಲಿಲ್ಲ. ಬಾಗಿಲು ಹಾರು ಹೊಡೆದಿತ್ತು. ಆದ್ರೆ ತಪ್ಪು ಬರೀ ಅವರದ್ದು ಅಂತ ನಾನು ಹೇಳಲ್ಲ. ಸಹಿ ಹೇಳೋದು ಮೇಲ್ ಯಾವ ಡೊಮೇನ್‌ನಿಂದ ಬಂತು ಅನ್ನೋದನ್ನ ಮಾತ್ರ. ಕಳಿಸಿದವನು ಸಾಚಾ ಅಂತ ಅಲ್ಲ. ಒಂದಕ್ಷರ ಬದಲಿಸಿ ಹೊಸ ಡೊಮೇನ್ ಕೊಂಡ ಕಳ್ಳನೂ ಅದಕ್ಕೆ ಚೆನ್ನಾಗಿ ಸಹಿ ಹಾಕ್ಬಹುದು.

ಅದಕ್ಕೇ ನಿಮ್ಮನೆಯಲ್ಲೋ ಪರಿಚಯದವರಲ್ಲೋ ಯಾರಾದ್ರೂ ಸ್ವಂತ ಡೊಮೇನ್ ಇಟ್ಕೊಂಡು ವ್ಯಾಪಾರ ಮಾಡ್ತಿದ್ರೆ, ಡಿಕಿಮ್, ಡಿಮಾರ್ಕ್ ಹಾಕ್ಸಿದ್ದೀರಾ ಅಂತ ಇವತ್ತೇ ಕೇಳಿ. ಖಾತೆ ಬದಲಾಗಿದೆ ಅಂತ ಮೇಲ್ ಬಂದ್ರೆ, ನಿಮ್ಮ ಹತ್ರ ಮೊದಲಿಂದ ಇರೋ ನಂಬರ್‌ಗೆ ಒಂದು ಫೋನ್ ಮಾಡಿ. ಆವತ್ತು ನಾನು ಮಾಡ್ಬೇಕಿದ್ದದ್ದು ಎರಡು ನಿಮಿಷದ ಆ ಒಂದು ಫೋನ್ ಮಾತ್ರ.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ. ಹುಷಾರಾಗಿರಿ.