ಉಸಿರಾಡುವ ಕೊಳವೆ

ಪೆನ್ಸಿಲ್ ಕಡ್ಡಿಯ ಗ್ರಾಫೈಟ್‌ನಿಂದ ಒಂದೇ ಒಂದು ಪದರ ಬಿಡಿಸಿ, ಚಾಪೆಯಂತೆ ಸುರುಳಿ ಸುತ್ತಿದರೆ ಹೇಗೋ ಹಾಗಿದೆ ಇಂಗಾಲದ ನ್ಯಾನೊಕೊಳವೆ. ವ್ಯಾಸ ಸುಮಾರು 1 ನ್ಯಾನೊಮೀಟರ್. ತಲೆಗೂದಲಿಗಿಂತ ಹತ್ತಾರು ಸಾವಿರ ಪಟ್ಟು ಸಪೂರ. ಸುತ್ತಿದ ಓರೆ ಬದಲಾದರೆ ಗುಣವೂ ಬದಲು: ಒಂದು ಲೋಹದಂತೆ, ಇನ್ನೊಂದು ಅರೆವಾಹಕ.

ಜಪಾನಿನ ಸುಮಿಯೊ ಇಜಿಮಾ 1991ರಲ್ಲಿ ಬಹುಪದರದ ಕೊಳವೆಗಳನ್ನು ವರದಿ ಮಾಡಿದರು. ಒಂಟಿ ಪದರದವು 1993ರಲ್ಲಿ ಬೆಳಕಿಗೆ ಬಂದವು.

ವ್ಯಾಸ ತಿಳಿಯುವುದು ಹೇಗೆ?
ಕೊಳವೆಯ ಗೋಡೆ ಉಸಿರಾಡಿದಂತೆ ಹಿಗ್ಗಿ ಕುಗ್ಗುತ್ತಿರುತ್ತದೆ. ಲೇಸರ್ ಹಾಯಿಸಿದಾಗ ಚದುರುವ ಬೆಳಕಿನ ಬಣ್ಣ ಆ ಕಂಪನಕ್ಕೆ ತಕ್ಕಂತೆ ತುಸು ಸರಿಯುತ್ತದೆ. ಕೊಳವೆ ಸಪೂರವಾದಷ್ಟೂ ಕಂಪನ ಚುರುಕು, ಬಣ್ಣದ ಸರಿತವೂ ಹೆಚ್ಚು. ಸಿ.ವಿ. ರಾಮನ್ 1928ರಲ್ಲಿ ಕೋಲ್ಕತ್ತದಲ್ಲಿ ಕಂಡ ಪರಿಣಾಮವೇ ಇಲ್ಲಿ ಅಳತೆಗೋಲು.